ಟಾಮ್‌ಕ್ಯಾಟ್: ಹೊಸ ಆವೃತ್ತಿ ಹಾಕಿದ ಮೇಲೂ ಹಳೆಯ ದರಪಟ್ಟಿಯೇ ಕಾಣಿಸುತ್ತಿದೆ

ಕಣಜ

ಎಲ್ಲರಿಗೂ ನಮಸ್ಕಾರ. ನಾನು ನೋಡಿಕೊಳ್ಳುತ್ತಿರುವ ಒಂದು ಸಹಕಾರ ಸಂಘದ ಜಾಲತಾಣದಲ್ಲಿ ಹೊಸ ಆವೃತ್ತಿ ಹಾಕಿದ ಮೇಲೂ ಕೆಲವು ಪುಟಗಳು ಹಳೆಯದಾಗಿಯೇ ಉಳಿಯುತ್ತಿವೆ. ಇದರಿಂದ ತಾಂತ್ರಿಕ ತೊಂದರೆಗಿಂತ ದೊಡ್ಡ ತೊಂದರೆಯಾಗುತ್ತಿದೆ. ಹಮಾಲಿ ದರ ಮೂಟೆಗೆ 18 ರೂಪಾಯಿಯಿಂದ 22 ರೂಪಾಯಿಗೆ ಏರಿದೆ, ಆದರೆ ರೈತರ ಫೋನಿನಲ್ಲಿ ಇನ್ನೂ 18 ಎಂದೇ ಕಾಣಿಸುತ್ತದೆ. ಅವರು ಗೋದಾಮಿಗೆ ಬಂದು ಫೋನ್ ತೋರಿಸಿ ಪ್ರಶ್ನಿಸಿದಾಗ ಕೌಂಟರಿನಲ್ಲಿ ಕುಳಿತವರಿಗೆ ಉತ್ತರ ಕೊಡುವುದು ಕಷ್ಟವಾಗುತ್ತಿದೆ, ಮತ್ತು ನ್ಯಾಯವಾಗಿ ನೋಡಿದರೆ ರೈತರ ಮಾತೇ ಸರಿ.

ವ್ಯವಸ್ಥೆ ಹೀಗಿದೆ. ಸ್ಪ್ರಿಂಗ್ ಎಂವಿಸಿ (ಜಾವಾ ಚೌಕಟ್ಟು) ಮತ್ತು ಜೆಎಸ್‌ಪಿ (ಸರ್ವರಿನಲ್ಲಿ ಪುಟ ತಯಾರಿಸುವ ಜಾವಾ ಫೈಲು) ಬಳಸಿ ಬರೆದ ಅಪ್ಲಿಕೇಶನ್, ಅದನ್ನು ನಡೆಸಲು ಟಾಮ್‌ಕ್ಯಾಟ್ 9 ಎಂಬ ಜಾವಾ ಸರ್ವರ್, ಅದರ ಮುಂದೆ ಕೋರಿಕೆಗಳನ್ನು ಅದಕ್ಕೆ ದಾಟಿಸುವ ಎಂಜಿನ್‌ಎಕ್ಸ್. ಮೇವನ್ ಬಿಲ್ಡ್‌ನಲ್ಲಿ ಜಿಬ್ ಪ್ಲಗಿನ್ ಕಂಟೈನರ್ ಇಮೇಜನ್ನು, ಅಂದರೆ ಅಪ್ಲಿಕೇಶನ್ ಮತ್ತು ಅದು ಓಡಲು ಬೇಕಾದುದೆಲ್ಲ ಇರುವ ಕಟ್ಟನ್ನು, ತಯಾರಿಸುತ್ತದೆ. ಗೋದಾಮು ಬಾಡಿಗೆ, ತೂಕದ ಶುಲ್ಕ, ಹಮಾಲಿ ಮೊದಲಾದ ದರಗಳೆಲ್ಲ ಒಂದು ಜೇಸನ್ ಫೈಲಿನಲ್ಲಿವೆ. ಸ್ಟ್ಯಾಟಿಕ್ ಫೋಲ್ಡರಿನ ಫೈಲುಗಳನ್ನು ಸ್ಪ್ರಿಂಗ್ ಮುಟ್ಟುವುದಿಲ್ಲ, ಟಾಮ್‌ಕ್ಯಾಟಿನ ಡೀಫಾಲ್ಟ್ ಸರ್ವ್ಲೆಟ್ಟೇ ಅವನ್ನು ಕೊಡುತ್ತದೆ. ಎಂಜಿನ್‌ಎಕ್ಸ್ ಆ ಫೋಲ್ಡರಿಗೆ ‘ಕ್ಯಾಶ್-ಕಂಟ್ರೋಲ್: ನೋ-ಕ್ಯಾಶ್’ ಹೆಡರ್ (ಉತ್ತರದ ಜೊತೆ ಹೋಗುವ ಮಾಹಿತಿ ಸಾಲು) ಸೇರಿಸುತ್ತದೆ. ಅಂದರೆ ಬ್ರೌಸರ್ ಹಳೆಯದನ್ನು ಇಟ್ಟುಕೊಳ್ಳಬಾರದು ಎಂದು ನಾವು ಮೊದಲೇ ಹೇಳಿದ್ದೇವೆ.

ವಿಚಿತ್ರವೆಂದರೆ ನಡವಳಿಕೆ ಒಂದೇ ತೆರನಾಗಿಲ್ಲ. ಹಿಂದಿನ ಬಿಡುಗಡೆಯಲ್ಲಿ ದರಪಟ್ಟಿಗೆ ಎರಡು ಹೊಸ ಸಾಲು ಸೇರಿಸಿದಾಗ ಎಲ್ಲರಿಗೂ ತಕ್ಷಣ ಕಾಣಿಸಿತು. ಈ ಸಲ ಅಂಕಿಯನ್ನಷ್ಟೇ ಬದಲಿಸಿದೆವು, ಕಾಣಿಸುತ್ತಿಲ್ಲ. ಕರ್ಲ್ (ಬ್ರೌಸರ್ ಇಲ್ಲದೆ ಪುಟ ತರಿಸುವ ಉಪಕರಣ) ಬಳಸಿ ನೋಡಿದರೆ ಹೊಸ ದರವೇ ಬರುತ್ತದೆ. ತಾಣವನ್ನು ಹಿಂದೆಂದೂ ತೆರೆಯದ ಫೋನಿನಲ್ಲೂ ಹೊಸ ದರವೇ ಬರುತ್ತದೆ. ಇದರ ಜೊತೆಗೆ ಸೂಚನಾ ಪುಟ ಎಂಬ ಒಂದು ಜೆಎಸ್‌ಪಿ ಇದೆ. ಅದು ಮಾತ್ರ ಎಲ್ಲರಿಗೂ, ಎಲ್ಲ ಫೋನುಗಳಲ್ಲೂ, ಕರ್ಲ್‌ನಲ್ಲೂ ಹಳೆಯದೇ ಬರುತ್ತಿದೆ. ಟಾಮ್‌ಕ್ಯಾಟನ್ನು ರೀಸ್ಟಾರ್ಟ್ ಮಾಡಿದರೂ ಬದಲಾಗುತ್ತಿಲ್ಲ. ಎಲ್ಲಿಂದ ಹುಡುಕಲು ಆರಂಭಿಸಬೇಕು?

ಹಳೇಸರ್ವರ್

ಟಾಮ್‌ಕ್ಯಾಟಿನ ವರ್ಕ್ ಫೋಲ್ಡರನ್ನು (ಕಂಪೈಲ್ ಆದ ಜೆಎಸ್‌ಪಿಗಳಿರುವ ಜಾಗ) ಅಳಿಸಿ, ಎಂಜಿನ್‌ಎಕ್ಸ್ ಕ್ಯಾಶನ್ನು (ಮತ್ತೆ ಬಳಸಲು ಕೂಡಿಟ್ಟ ಪ್ರತಿಗಳು) ಅಳಿಸಿ, ಎರಡನ್ನೂ ರೀಸ್ಟಾರ್ಟ್ ಮಾಡಿ. ಬಳಕೆದಾರರಿಗೆ ಬ್ರೌಸರಿನ ಹಿಸ್ಟರಿ ಅಳಿಸಲು ತಿಳಿಸಿ. ನಮ್ಮಲ್ಲಿ ಪ್ರತಿ ಬಿಡುಗಡೆಗೂ ಇದನ್ನೇ ಮಾಡುತ್ತೇವೆ.

ಬೀಗದಕೈ

ಕಣಜ ಅವರೇ, ದಯವಿಟ್ಟು ಈಗಲೇ ಏನನ್ನೂ ಅಳಿಸಬೇಡಿ. ಹಳೇಸರ್ವರ್ ಅವರು ಹೇಳಿದ ಕ್ರಮದಿಂದ ಇವತ್ತಿನ ಮಟ್ಟಿಗೆ ಪುಟ ಸರಿಹೋಗಬಹುದು, ಆದರೆ ಹಳೆಯ ಪ್ರತಿ ಯಾವ ಪದರದಲ್ಲಿ ಕುಳಿತಿತ್ತು ಎಂಬುದಕ್ಕೆ ಇದ್ದ ಸಾಕ್ಷ್ಯವೂ ಅದರೊಂದಿಗೇ ಅಳಿಸಿಹೋಗುತ್ತದೆ. ಮುಂದಿನ ದರ ಪರಿಷ್ಕರಣೆಯಲ್ಲಿ ಮತ್ತೆ ಇದೇ ಜಾಗದಲ್ಲಿ ನಿಂತಿರುತ್ತೀರಿ. ಫೋನಿನಲ್ಲಿ ಹಿಸ್ಟರಿ ಅಳಿಸಿ ಎಂದು ಸಾವಿರಾರು ರೈತರಿಗೆ ಹೇಳುವುದು ಪರಿಹಾರವೆಂದು ನಾನು ಒಪ್ಪುವುದಿಲ್ಲ.

ನಿಮ್ಮ ವಿವರಣೆಯಲ್ಲಿ ಎರಡು ಬೇರೆ ಬೇರೆ ಲಕ್ಷಣಗಳಿವೆ, ಅವನ್ನು ಬೆರೆಸದೆ ನೋಡಬೇಕು. ದರಪಟ್ಟಿ ಕೆಲವರಿಗೆ ಮಾತ್ರ ಹಳೆಯದು, ಅದೂ ಮೊದಲೇ ತಾಣವನ್ನು ನೋಡಿದ್ದವರಿಗೆ. ಹಾಗಾಗಿ ಹಳೆಯ ಪ್ರತಿ ಇರುವುದು ಬ್ರೌಸರಿನಲ್ಲಿ. ಸೂಚನಾ ಪುಟ ಎಲ್ಲರಿಗೂ ಹಳೆಯದು, ಏನನ್ನೂ ನೆನಪಿಟ್ಟುಕೊಳ್ಳದ ಕರ್ಲ್‌ಗೂ ಹಳೆಯದು. ಹಾಗಾಗಿ ಆ ಪ್ರತಿ ಇರುವುದು ಸರ್ವರಿನ ಕಡೆ. ಎರಡಕ್ಕೂ ಮೂಲ ಒಂದೇ ಇರಬಹುದು, ಇಲ್ಲದಿರಬಹುದು. ಮೊದಲು ಈ ಮಾಹಿತಿ ಕೊಡಿ:

ದರಪಟ್ಟಿಯ ಜೇಸನ್ ಫೈಲಿಗೆ ಎಂಜಿನ್‌ಎಕ್ಸ್ ಮೂಲಕ ಒಮ್ಮೆ, ಅದನ್ನು ದಾಟಿ ಟಾಮ್‌ಕ್ಯಾಟಿನ 8080 ಪೋರ್ಟಿಗೆ ನೇರವಾಗಿ ಒಮ್ಮೆ ಕರ್ಲ್ ಕಳುಹಿಸಿ, ಎರಡರ ಹೆಡರುಗಳನ್ನೂ ಪೂರ್ತಿಯಾಗಿ ಇಲ್ಲಿ ಹಾಕಿ. ಎಂಜಿನ್‌ಎಕ್ಸ್ ಸಂರಚನೆಯಲ್ಲಿ ‘ಪ್ರಾಕ್ಸಿ_ಕ್ಯಾಶ್’ (ಉತ್ತರಗಳ ಪ್ರತಿ ಇಟ್ಟುಕೊಳ್ಳಲು ಹೇಳುವುದು) ಎಂಬ ಸಾಲು ಎಲ್ಲಾದರೂ ಇದೆಯೇ ನೋಡಿ. ಹಳೆಯ ದರ ತೋರಿಸುವ ಒಂದು ಫೋನನ್ನು ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಕ್ರೋಮ್‌ನ ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ಆ ಫೈಲಿಗೆ ಬಂದ ಸ್ಟೇಟಸ್ ಸಂಖ್ಯೆ ಎಷ್ಟೆಂದು ಗಮನಿಸಿ. ‘ಡಿಸೇಬಲ್ ಕ್ಯಾಶ್’ ಗುರುತು ಹಾಕಿರಬಾರದು. ಅದಿದ್ದರೆ ನೀವು ಹುಡುಕುತ್ತಿರುವ ದೋಷವೇ ಮಾಯವಾಗುತ್ತದೆ.

ಕಣಜ

ತುಂಬ ಧನ್ಯವಾದಗಳು. ಏನನ್ನೂ ಅಳಿಸಿಲ್ಲ. ಎಂಜಿನ್‌ಎಕ್ಸ್‌ನಲ್ಲಿ ‘ಪ್ರಾಕ್ಸಿ_ಕ್ಯಾಶ್’ ಎಲ್ಲಿಯೂ ಇಲ್ಲ, ಅದು ಬರಿಯ ದಾರಿಯಷ್ಟೇ. ಎರಡೂ ಕಡೆಯ ಉತ್ತರ ಒಂದೇ ರೀತಿ ಇದೆ, ‘ನೋ-ಕ್ಯಾಶ್’ ಮಾತ್ರ ಎಂಜಿನ್‌ಎಕ್ಸ್ ಸೇರಿಸಿದ್ದು. ಹೆಡರುಗಳು ಹೀಗಿವೆ:

ಸ್ಟೇಟಸ್: 200
ಈಟ್ಯಾಗ್: ಡಬ್ಲ್ಯೂ/"2146-1000"
ಲಾಸ್ಟ್-ಮಾಡಿಫೈಡ್: ಗುರುವಾರ, 01 ಜನವರಿ 1970 00:00:01 ಜಿಎಂಟಿ
ಕಂಟೆಂಟ್-ಲೆಂತ್: 2146
ಕ್ಯಾಶ್-ಕಂಟ್ರೋಲ್: ನೋ-ಕ್ಯಾಶ್

ಹಳೆಯ ದರ ತೋರಿಸುವ ಫೋನಿನಲ್ಲಿ ಇದೇ ಫೈಲಿಗೆ 304 ಬರುತ್ತಿದೆ. ಅಂದರೆ ಫೋನು ಸರ್ವರನ್ನು ಕೇಳುತ್ತಿದೆ, ಸರ್ವರೇ ‘ಬದಲಾಗಿಲ್ಲ’ ಎನ್ನುತ್ತಿದೆ. 1970 ಎಂಬ ವರ್ಷವನ್ನು ನೋಡಿ ಗೊಂದಲವಾಗಿದೆ. ಸರ್ವರಿನ ಗಡಿಯಾರವನ್ನು ಪರೀಕ್ಷಿಸಿದೆ, ಅದು ಸರಿಯಾಗಿಯೇ ಇದೆ.

ಬೀಗದಕೈ

ಗಡಿಯಾರದ ತಪ್ಪಲ್ಲ. ಬೇಕಾದ ಉತ್ತರವೆಲ್ಲ ನೀವು ಹಾಕಿರುವ ಈಟ್ಯಾಗ್ ಸಾಲಿನಲ್ಲೇ ಇದೆ, ಅದನ್ನು ಸಾವಕಾಶವಾಗಿ ಬಿಡಿಸಿ ನೋಡೋಣ.

ಟಾಮ್‌ಕ್ಯಾಟಿನ ಡೀಫಾಲ್ಟ್ ಸರ್ವ್ಲೆಟ್ ಈಟ್ಯಾಗನ್ನು, ಅಂದರೆ ಫೈಲಿನ ಆವೃತ್ತಿಯ ಗುರುತನ್ನು, ತಯಾರಿಸುವಾಗ ಫೈಲಿನ ಒಳಗೆ ಏನಿದೆಯೆಂದು ಓದುವುದಿಲ್ಲ. ಫೈಲಿನ ಗಾತ್ರವನ್ನು ಬೈಟುಗಳಲ್ಲಿ ಬರೆಯುತ್ತದೆ, ಒಂದು ಅಡ್ಡಗೆರೆ ಹಾಕುತ್ತದೆ, ಫೈಲು ಕೊನೆಯ ಸಲ ಬದಲಾದ ಸಮಯವನ್ನು ಮಿಲಿಸೆಕೆಂಡುಗಳಲ್ಲಿ ಬರೆಯುತ್ತದೆ, ಅಷ್ಟೆ. ನಿಮ್ಮ ಈಟ್ಯಾಗಿನಲ್ಲಿ 2146 ಎಂಬುದು ಗಾತ್ರ, 1000 ಎಂಬುದು ಸಮಯ. ಸಾಮಾನ್ಯವಾಗಿ ಅಲ್ಲಿ ಹದಿಮೂರು ಅಂಕಿಗಳ ದೊಡ್ಡ ಸಂಖ್ಯೆ ಇರಬೇಕು. ಬರೀ 1000 ಇದೆಯೆಂದರೆ, 1970ರ ಜನವರಿ 1ರ ಮಧ್ಯರಾತ್ರಿ ಕಳೆದು ಒಂದು ಸೆಕೆಂಡು ಎಂದರ್ಥ. ಈ ಸಮಯವನ್ನು ಹಾಕುತ್ತಿರುವುದು ಜಿಬ್. ಒಂದೇ ಮೂಲದಿಂದ ಎಷ್ಟು ಸಲ ಬಿಲ್ಡ್ ಮಾಡಿದರೂ ಅದೇ ಇಮೇಜ್, ಅದೇ ಡೈಜೆಸ್ಟ್ (ಇಮೇಜಿನ ಬೆರಳಚ್ಚಿನಂಥ ಗುರುತು) ಬರಬೇಕೆಂಬ ಉದ್ದೇಶದಿಂದ ಜಿಬ್ ತಾನು ಸೇರಿಸುವ ಎಲ್ಲ ಫೈಲುಗಳಿಗೂ, ನಾವು ಬೇರೇನನ್ನೂ ಹೇಳದಿದ್ದರೆ, ಇದೊಂದೇ ಸಮಯವನ್ನು ಮುದ್ರೆ ಹಾಕುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಫೈಲಿನ ಸಮಯವನ್ನು ನಂಬಿ ಕೆಲಸ ಮಾಡುವ ಟಾಮ್‌ಕ್ಯಾಟಿಗೆ ಇದರಿಂದ ಕಣ್ಣು ಕಟ್ಟಿದಂತಾಗುತ್ತದೆ.

ಈಗ ನಿಮ್ಮ ಬದಲಾವಣೆಯನ್ನು ನೋಡಿ. 18 ಇದ್ದಲ್ಲಿ 22 ಬಂತು. ಎರಡಂಕಿಯ ಜಾಗದಲ್ಲಿ ಎರಡಂಕಿ, ಆದ್ದರಿಂದ ಗಾತ್ರ 2146 ಬೈಟೇ ಉಳಿಯಿತು. ಸಮಯ ಹೇಗೂ ಬದಲಾಗುವುದಿಲ್ಲ. ಹಾಗಾಗಿ ಹಳೆಯ ಫೈಲಿಗೂ ಹೊಸ ಫೈಲಿಗೂ ಒಂದೇ ಈಟ್ಯಾಗ್. ಫೋನು ನಿಯಮದಂತೆ ‘ಇಫ್-ನನ್-ಮ್ಯಾಚ್’ ಹೆಡರಿನಲ್ಲಿ ತನ್ನ ಬಳಿಯಿರುವ ಈಟ್ಯಾಗನ್ನು ಕಳುಹಿಸಿ ಕೇಳಿತು, ಟಾಮ್‌ಕ್ಯಾಟ್ ಎರಡನ್ನೂ ಹೋಲಿಸಿ ನಿಯಮದಂತೆಯೇ 304 ಎಂದಿತು. ಪುಸ್ತಕದ ಪುಟಗಳ ಸಂಖ್ಯೆಯನ್ನೂ ರಟ್ಟಿನ ಮೇಲಿನ ವರ್ಷವನ್ನೂ ನೋಡಿ ಒಳಗಿನ ಬರಹ ಬದಲಾಗಿಲ್ಲವೆಂದು ಹೇಳಿದ ಹಾಗೆ ಇದು. ಹಿಂದಿನ ಬಿಡುಗಡೆಯಲ್ಲಿ ಎರಡು ಸಾಲು ಸೇರಿಸಿದಾಗ ಗಾತ್ರ ಬದಲಾಗಿ ಈಟ್ಯಾಗೂ ಬದಲಾಯಿತು, ಎಲ್ಲರಿಗೂ ಹೊಸದು ಸಿಕ್ಕಿತು. ನಿಮಗೆ ಒಂದೇ ತೆರನಾಗಿಲ್ಲ ಎನಿಸಿದ ನಡವಳಿಕೆಯ ಹಿಂದೆ ಇಷ್ಟು ಖಚಿತವಾದ ಲೆಕ್ಕವಿದೆ.

‘ನೋ-ಕ್ಯಾಶ್’ ಬಗ್ಗೆ ಒಂದು ಮಾತು. ಇಟ್ಟುಕೊಳ್ಳಬೇಡ ಎಂದು ಅದು ಹೇಳುವುದಿಲ್ಲ. ಇಟ್ಟುಕೋ, ಆದರೆ ಬಳಸುವ ಮುನ್ನ ಪ್ರತಿ ಸಲವೂ ನನ್ನನ್ನು ಕೇಳು ಎಂದು ಹೇಳುತ್ತದೆ. ಇಟ್ಟುಕೊಳ್ಳಲೇಬೇಡ ಎನ್ನುವುದು ‘ನೋ-ಸ್ಟೋರ್’. ನಿಮ್ಮ ಫೋನುಗಳು ಪ್ರತಿ ಸಲವೂ ಕೇಳುತ್ತಿವೆ, ತಪ್ಪು ಉತ್ತರ ಪಡೆಯುತ್ತಿವೆ.

ಕರ್ಲ್‌ನಲ್ಲಿ ಇದು ಕಾಣಿಸದಿರಲು ಕಾರಣವೂ ಇದೇ. ಕರ್ಲ್ ಹಿಂದಿನದನ್ನು ಇಟ್ಟುಕೊಳ್ಳುವುದಿಲ್ಲ, ಆದ್ದರಿಂದ ಈಟ್ಯಾಗ್ ಕಳುಹಿಸುವುದಿಲ್ಲ, ಆದ್ದರಿಂದ ಅದಕ್ಕೆ 304 ಬರುವ ಪ್ರಶ್ನೆಯೇ ಇಲ್ಲ. ದೋಷವನ್ನು ಕೈಯಾರೆ ತೋರಿಸಬೇಕಾದರೆ ಕರ್ಲ್‌ಗೆ ‘ಇಫ್-ನನ್-ಮ್ಯಾಚ್’ ಹೆಡರನ್ನು ನೀವೇ ಸೇರಿಸಿ ಕಳುಹಿಸಬೇಕು. ಹಳೆಯ ಇಮೇಜನ್ನು ನಿಮ್ಮ ಯಂತ್ರದಲ್ಲಿ ಓಡಿಸಿ ಅದರ ಈಟ್ಯಾಗನ್ನು ಬರೆದುಕೊಳ್ಳಿ, ಆಮೇಲೆ ಅದನ್ನು ಹೊಸ ಇಮೇಜಿಗೆ ಕಳುಹಿಸಿ. ಒಳಗಿನ ದರ ಬೇರೆಯಿದ್ದರೂ 304 ಬಂದರೆ ಅದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ.

ಕಣಜ

ಪರೀಕ್ಷಿಸಿದೆ. ಹಳೆಯ ಇಮೇಜಿನ ಈಟ್ಯಾಗ್ ಕೂಡ ಡಬ್ಲ್ಯೂ/"2146-1000". ಅದನ್ನು ಹೊಸದಕ್ಕೆ ಕಳುಹಿಸಿದಾಗ ನೀವು ಹೇಳಿದಂತೆಯೇ 304 ಬಂತು. ದರಪಟ್ಟಿಯ ವಿಷಯ ಪೂರ್ತಿ ಅರ್ಥವಾಯಿತು.

ಸೂಚನಾ ಪುಟದ ವಿಷಯ ಮಾತ್ರ ಇದಕ್ಕೆ ಹೊಂದುತ್ತಿಲ್ಲ. ಅದು ಜೆಎಸ್‌ಪಿ, ಅದಕ್ಕೆ ಈಟ್ಯಾಗೂ ಇಲ್ಲ, ಲಾಸ್ಟ್-ಮಾಡಿಫೈಡೂ ಇಲ್ಲ, ಸ್ಟೇಟಸ್ ಯಾವಾಗಲೂ 200. ಕಂಟೈನರಿನ ಒಳಗೆ ಹೋಗಿ ವೆಬ್‌ಆಪ್ಸ್ ಫೋಲ್ಡರಿನಲ್ಲಿರುವ ಜೆಎಸ್‌ಪಿ ಫೈಲನ್ನು ತೆರೆದರೆ ಅಲ್ಲಿ ಹೊಸ ಸೂಚನೆಯೇ ಇದೆ. ಟಾಮ್‌ಕ್ಯಾಟಿನಲ್ಲಿ ಜೆಎಸ್‌ಪಿಗಳನ್ನು ಕಂಪೈಲ್ ಮಾಡುವ ಜ್ಯಾಸ್ಪರಿನ ‘ಡೆವಲಪ್‌ಮೆಂಟ್’ ಆಯ್ಕೆಯನ್ನು ನಾವು ಮುಟ್ಟಿಲ್ಲ, ಅದು ‘ಟ್ರೂ’ ಆಗಿಯೇ ಇದೆ. ಹಾಗಿದ್ದರೆ ಜೆಎಸ್‌ಪಿ ಬದಲಾದದ್ದನ್ನು ಟಾಮ್‌ಕ್ಯಾಟ್ ತಾನಾಗಿಯೇ ಗಮನಿಸಬೇಕಲ್ಲವೇ?

ತುಂಗಾತೀರ

ನಡುವೆ ಬರುತ್ತಿರುವುದಕ್ಕೆ ಕ್ಷಮಿಸಿ, ಒಂದೇ ಪ್ರಶ್ನೆ. ವರ್ಕ್ ಫೋಲ್ಡರ್ ಕಂಟೈನರಿನ ಒಳಗೇ ಇದೆಯೋ, ಅಥವಾ ಹೊರಗಿನ ವಾಲ್ಯೂಮ್ (ಕಂಟೈನರ್ ಬದಲಾದರೂ ಉಳಿಯುವ ಸಂಗ್ರಹ) ಒಂದಕ್ಕೆ ಜೋಡಿಸಿದ್ದೀರೋ?

ಕಣಜ

ಹೊರಗಿನ ವಾಲ್ಯೂಮ್. ಮೊದಲು ಈ ಯೋಜನೆಯಲ್ಲಿದ್ದ ತಂಡ ಹಾಗೆ ಜೋಡಿಸಿತ್ತು. ಪ್ರತಿ ರೀಸ್ಟಾರ್ಟಿನ ನಂತರ ಮೊದಲ ಸಲ ಪುಟ ತೆರೆಯುವವರಿಗೆ ಜೆಎಸ್‌ಪಿ ಕಂಪೈಲ್ ಆಗುವವರೆಗೆ ಕಾಯಬೇಕಾಗುತ್ತದೆ, ಅದನ್ನು ತಪ್ಪಿಸಲು ಎಂದು ಟಿಪ್ಪಣಿಯಲ್ಲಿ ಬರೆದಿದೆ.

ಬೀಗದಕೈ

ತುಂಗಾತೀರ ಅವರು ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ. ಇಲ್ಲಿಯೂ ಮೂಲ ಅದೇ 1000, ಆದರೆ ಕೆಲಸ ಮಾಡುವ ಬಗೆ ಬೇರೆ.

ಜೆಎಸ್‌ಪಿಯನ್ನು ಜ್ಯಾಸ್ಪರ್ ಮೊದಲು ಜಾವಾ ಫೈಲಾಗಿ, ನಂತರ ಕ್ಲಾಸ್ ಫೈಲಾಗಿ ಮಾರ್ಪಡಿಸಿ ವರ್ಕ್ ಫೋಲ್ಡರಿನಲ್ಲಿ ಇಡುತ್ತದೆ. ಇಟ್ಟ ಮೇಲೆ ಆ ಕ್ಲಾಸ್ ಫೈಲಿನ ಸಮಯವನ್ನು, ಅದು ಹುಟ್ಟಿದ ಸಮಯವಾಗಿ ಬಿಡದೆ, ಮೂಲ ಜೆಎಸ್‌ಪಿಯ ಸಮಯಕ್ಕೆ ಸಮನಾಗಿ ಹೊಂದಿಸುತ್ತದೆ. ಮುಂದೆ ಪರಿಶೀಲಿಸುವಾಗ ಎರಡೂ ಸಮಯಗಳು ಸಮವಾಗಿವೆಯೇ ಎಂದಷ್ಟೇ ನೋಡುತ್ತದೆ. ಸಮವಾಗಿದ್ದರೆ ಕಂಪೈಲ್ ಮಾಡುವ ಅಗತ್ಯವಿಲ್ಲ ಎಂದು ತೀರ್ಮಾನಿಸಿ ಇರುವ ಕ್ಲಾಸನ್ನೇ ಬಳಸುತ್ತದೆ. ‘ಡೆವಲಪ್‌ಮೆಂಟ್’ ಟ್ರೂ ಇದ್ದಾಗ ಈ ಪರಿಶೀಲನೆ ಪುಟವನ್ನು ಕೇಳಿದಾಗಲೆಲ್ಲ ನಡೆಯುತ್ತದೆ, ಒಂದು ಪರಿಶೀಲನೆಯಾದ ಮೇಲೆ ‘ಮಾಡಿಫಿಕೇಶನ್‌ಟೆಸ್ಟ್‌ಇಂಟರ್ವಲ್’ ಹೇಳುವ 4 ಸೆಕೆಂಡು ಮಾತ್ರ ವಿರಾಮ. ಫಾಲ್ಸ್ ಇದ್ದು ‘ಚೆಕ್‌ಇಂಟರ್ವಲ್’ ಸೊನ್ನೆಯಾಗಿದ್ದರೆ ರೀಸ್ಟಾರ್ಟ್ ಆದ ಮೇಲೆ ಮೊದಲ ಸಲ ಮಾತ್ರ. ನಿಮ್ಮಲ್ಲಿ ಪರಿಶೀಲನೆ ಎಡೆಬಿಡದೆ ನಡೆಯುತ್ತಿದೆ, ಪ್ರತಿ ಸಲವೂ ಜೆಎಸ್‌ಪಿಯ ಸಮಯ 1000, ಹಳೆಯ ಕ್ಲಾಸಿನ ಸಮಯವೂ 1000, ಎರಡೂ ಸಮ. ವರ್ಕ್ ಫೋಲ್ಡರ್ ಕಂಟೈನರಿನ ಒಳಗೇ ಇದ್ದಿದ್ದರೆ ಹೊಸ ಇಮೇಜಿನೊಂದಿಗೆ ಅದು ಖಾಲಿಯಾಗಿ ಹುಟ್ಟುತ್ತಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ವಾಲ್ಯೂಮಿನಲ್ಲಿ ಉಳಿದದ್ದರಿಂದ ಹಳೆಯ ಕ್ಲಾಸ್ ಹೊಸ ಕಂಟೈನರಿಗೂ ದಾಟಿಕೊಂಡು ಬಂತು. ರೀಸ್ಟಾರ್ಟ್ ಮಾಡಿದರೂ ಬದಲಾಗದಿರುವುದು ಇದಕ್ಕೇ.

ಖಚಿತಪಡಿಸಿಕೊಳ್ಳುವುದು ಸುಲಭ. ವರ್ಕ್ ಫೋಲ್ಡರಿನಲ್ಲಿ ಕ್ಯಾಟಲಿನಾ, ಲೋಕಲ್‌ಹೋಸ್ಟ್, ರೂಟ್ ಎಂದು ಇಳಿಯುತ್ತ ಹೋದರೆ ಆರ್ಗ್, ಅಪಾಚೆ, ಜೆಎಸ್‌ಪಿ ಎಂಬ ಫೋಲ್ಡರುಗಳು ಸಿಗುತ್ತವೆ. ನಿಮ್ಮ ಪುಟಗಳು ವೆಬ್-ಇನ್ಫ್ ಒಳಗಿದ್ದರೆ ಆ ಫೋಲ್ಡರಿನ ಹೆಸರಿನಲ್ಲಿ ಅಡ್ಡಗೆರೆಯ ಜಾಗದಲ್ಲಿ ‘_002ಡಿ’ ಎಂಬ ಗುರುತು ಇರುತ್ತದೆ, ಗಾಬರಿಯಾಗಬೇಡಿ. ಅಲ್ಲಿ ಸೂಚನಾ ಪುಟದ ಜಾವಾ ಫೈಲನ್ನು ತೆರೆಯಿರಿ. ನಿಮ್ಮ ಪುಟದ ಕನ್ನಡ ವಾಕ್ಯಗಳು ‘ಔಟ್.ರೈಟ್’ ಸಾಲುಗಳಲ್ಲಿ ಇದ್ದ ಹಾಗೆಯೇ ಓದಲು ಸಿಗುತ್ತವೆ. ಅಲ್ಲಿರುವುದು ಹಳೆಯ ಸೂಚನೆಯಾದರೆ ಸಂದೇಹಕ್ಕೆ ಎಡೆಯಿಲ್ಲ.

ಕಣಜ

ಹಳೆಯ ಸೂಚನೆಯೇ ಅಲ್ಲಿದೆ. ಸದಸ್ಯರ ಸಭೆಯ ಹಿಂದಿನ ದಿನಾಂಕ ‘ಔಟ್.ರೈಟ್’ ಸಾಲಿನಲ್ಲಿ ಸ್ಪಷ್ಟವಾಗಿ ಕಾಣುತ್ತಿದೆ, ಫೈಲಿನ ಸಮಯ 1970 ಎಂದಿದೆ.

ತುಂಗಾತೀರ

ನಿಮ್ಮಲ್ಲಿ ‘ನೋ-ಕ್ಯಾಶ್’ ಇದ್ದದ್ದು ಒಂದು ದೊಡ್ಡ ಅನಾಹುತವನ್ನು ತಪ್ಪಿಸಿದೆ ಎಂಬುದನ್ನು ಇಲ್ಲಿ ದಾಖಲಿಸಬೇಕೆನಿಸಿತು. ನಾನು ಈ ಮೊದಲು ಕೆಲಸ ಮಾಡುತ್ತಿದ್ದ ಕಡೆ ಇದೇ ಜಿಬ್, ಇದೇ 1970 ಇತ್ತು, ಆದರೆ ‘ಕ್ಯಾಶ್-ಕಂಟ್ರೋಲ್’ ಹೆಡರು ಮಾತ್ರ ಇರಲೇ ಇಲ್ಲ. ಸರ್ವರ್ ಅವಧಿಯನ್ನು ಹೇಳದಿದ್ದಾಗ ಬ್ರೌಸರ್ ತಾನೇ ಒಂದು ಅವಧಿಯನ್ನು ಅಂದಾಜು ಮಾಡಿಕೊಳ್ಳಬಹುದು. 2022ರಲ್ಲಿ ಬಂದ ಆರ್‌ಎಫ್‌ಸಿ 9111 ಎಂಬ ಕ್ಯಾಶ್ ನಿಯಮಗಳ ದಾಖಲೆ ಇದಕ್ಕೆ ಅವಕಾಶ ಕೊಡುತ್ತದೆ, ಫೈಲು ಬದಲಾಗಿ ಎಷ್ಟು ಕಾಲವಾಯಿತೋ ಅದರ ಶೇಕಡ 10ರಷ್ಟು ಎಂಬ ವಾಡಿಕೆಯ ಪ್ರಮಾಣವನ್ನೂ ಹೇಳುತ್ತದೆ. ನಿನ್ನೆ ಬದಲಾದ ಫೈಲಿಗೆ ಅದು ಎರಡೂವರೆ ಗಂಟೆಯೂ ಆಗುವುದಿಲ್ಲ, ತೊಂದರೆಯಿಲ್ಲ. 1970ರಲ್ಲಿ ಬದಲಾಯಿತೆಂದು ಹೇಳಿಕೊಳ್ಳುವ ಫೈಲಿಗೆ ಲೆಕ್ಕ ಹಾಕಿ ನೋಡಿ: ಅರ್ಧ ಶತಮಾನಕ್ಕೂ ಮೀರಿದ ವಯಸ್ಸಿನ ಹತ್ತನೆಯ ಒಂದು ಪಾಲು ಎಂದರೆ ಐದು ವರ್ಷಕ್ಕೂ ಹೆಚ್ಚು. ಫೈರ್‌ಫಾಕ್ಸ್ ಈ ಅಂದಾಜಿಗೆ ಒಂದು ವಾರದ ಮಿತಿ ಹಾಕಿಕೊಂಡಿದೆ, ಎಲ್ಲ ಬ್ರೌಸರುಗಳೂ ಹಾಗೆ ಮಾಡುತ್ತವೆಂದು ನಂಬಿ ಕೂರುವಂತಿಲ್ಲ. ಅಷ್ಟು ಕಾಲ ಬ್ರೌಸರ್ ಸರ್ವರನ್ನು ಕೇಳುವುದೇ ಇಲ್ಲ, ಆದ್ದರಿಂದ ಸರ್ವರಿನಲ್ಲಿ ಏನನ್ನು ಸರಿಪಡಿಸಿದರೂ ಆ ಬಳಕೆದಾರರನ್ನು ಅದು ತಲುಪುವುದಿಲ್ಲ. ಕ್ರೋಮ್‌ನಲ್ಲಿ ಸಾಮಾನ್ಯವಾಗಿ ರೀಲೋಡ್ ಒತ್ತಿದರೆ ಮುಖ್ಯ ಪುಟವಷ್ಟೇ ಸರ್ವರಿನೊಂದಿಗೆ ತಾಳೆಯಾಗುತ್ತದೆ, ಅದು ಎಳೆದುಕೊಳ್ಳುವ ಸ್ಕ್ರಿಪ್ಟು ಮತ್ತು ಜೇಸನ್‌ಗಳು ಅವಧಿ ಮುಗಿಯದಿದ್ದರೆ ಕ್ಯಾಶಿನಿಂದಲೇ ಬರುತ್ತವೆ. ನಮ್ಮಲ್ಲಿ ಕೊನೆಗೆ ಫೈಲಿನ ಹೆಸರನ್ನೇ ಬದಲಿಸಬೇಕಾಯಿತು, ಬೇರೆ ದಾರಿಯಿರಲಿಲ್ಲ.

ಹಳೇಸರ್ವರ್

ವಿವರಣೆ ಚೆನ್ನಾಗಿದೆ. ಆದರೆ ನಾವು ವಾರ್ ಫೈಲನ್ನು (ಇಡೀ ಅಪ್ಲಿಕೇಶನ್ ಇರುವ ಒಂದೇ ಕಟ್ಟು) ನೇರವಾಗಿ ವೆಬ್‌ಆಪ್ಸ್‌ಗೆ ಹಾಕುವವರು, ನಮ್ಮಲ್ಲಿ ಜಿಬ್ ಇಲ್ಲ. ಆದರೂ ಹಳೆಯ ಪುಟ ಬರುತ್ತದೆ. ಅದಕ್ಕೇ ಪ್ರತಿ ಸಲ ಎಲ್ಲವನ್ನೂ ಅಳಿಸುವ ಅಭ್ಯಾಸವಾಯಿತು.

ಬೀಗದಕೈ

ಹಳೇಸರ್ವರ್ ಅವರೇ, ನಿಮ್ಮ ಟಾಮ್‌ಕ್ಯಾಟ್ ಎಷ್ಟು ಹಳೆಯದೆಂಬುದರ ಮೇಲೆ ಉತ್ತರ ನಿಂತಿದೆ. ಬಹಳ ಹಳೆಯ ಆವೃತ್ತಿಗಳಲ್ಲಿ ಜ್ಯಾಸ್ಪರ್ ಸಮಯಗಳು ಬೇರೆಯಾಗಿವೆಯೇ ಎಂದು ನೋಡುತ್ತಿರಲಿಲ್ಲ, ಜೆಎಸ್‌ಪಿ ಕ್ಲಾಸಿಗಿಂತ ಹೊಸದೇ ಎಂದು ಮಾತ್ರ ನೋಡುತ್ತಿತ್ತು. ಸಮಯವನ್ನು ಉಳಿಸಿಕೊಂಡು ನಕಲು ಮಾಡಿದ ಹಳೆಯ ಜೆಎಸ್‌ಪಿಯನ್ನು, ಅಂದರೆ ಹಿಂದಿನ ಆವೃತ್ತಿಗೆ ಮರಳಿದಾಗ ಬಂದ ಫೈಲನ್ನು, ಅದು ಗಮನಿಸುತ್ತಲೇ ಇರಲಿಲ್ಲ. ಹಾಗೆಯೇ ಟಾಮ್‌ಕ್ಯಾಟ್ ನಿಂತಿರುವಾಗ ವಾರ್ ಫೈಲನ್ನು ಬದಲಿಸಿ, ಈಗಾಗಲೇ ಬಿಚ್ಚಿಟ್ಟ ಫೋಲ್ಡರನ್ನು ಅಳಿಸದೆ ಬಿಟ್ಟರೆ, ಆ ಕಾಲದ ಟಾಮ್‌ಕ್ಯಾಟ್ ಹಳೆಯ ಫೋಲ್ಡರನ್ನೇ ಓಡಿಸುತ್ತಿತ್ತು. ಈಗಿನವು ಮೆಟಾ-ಇನ್ಫ್ ಒಳಗೆ ‘ವಾರ್-ಟ್ರ್ಯಾಕರ್’ ಎಂಬ ಪುಟ್ಟ ಫೈಲನ್ನಿಟ್ಟು, ವಾರ್ ಬದಲಾಗಿದ್ದರೆ ಮತ್ತೆ ಬಿಚ್ಚುತ್ತವೆ.

ಇನ್ನೊಂದು ಸಾಧ್ಯತೆಯಿದೆ. ನೀವು ‘##’ ಹಾಕಿ ಆವೃತ್ತಿ ಸಂಖ್ಯೆ ಕೊಡುವ ಸಮಾಂತರ ಡಿಪ್ಲಾಯ್‌ಮೆಂಟ್ ಬಳಸುತ್ತೀರಾ? ಹಾಗಿದ್ದರೆ, ಸೆಷನ್ ಇರುವ ಬಳಕೆದಾರರು ಅದು ಮುಗಿಯುವವರೆಗೆ ಹಳೆಯ ಆವೃತ್ತಿಯಲ್ಲೇ ಉಳಿಯುತ್ತಾರೆ, ಅದು ದೋಷವಲ್ಲ, ಆ ಸೌಲಭ್ಯ ಇರುವುದೇ ಹಾಗೆ. ಆದರೆ ಆವೃತ್ತಿಗಳನ್ನು ಟಾಮ್‌ಕ್ಯಾಟ್ ಸಂಖ್ಯೆಯಾಗಿ ಹೋಲಿಸುವುದಿಲ್ಲ, ಅಕ್ಷರಮಾಲೆಯಾಗಿ ಹೋಲಿಸುತ್ತದೆ. ‘##9’ ನಂತರ ‘##10’ ಹಾಕಿದರೆ ಅದರ ದೃಷ್ಟಿಯಲ್ಲಿ 9 ಎಂಬುದೇ ದೊಡ್ಡದು, ಹೊಸ ಬಳಕೆದಾರರೂ ಹಳೆಯದಕ್ಕೇ ಹೋಗುತ್ತಾರೆ. ‘##009’, ‘##010’ ಎಂದು ಸೊನ್ನೆ ತುಂಬಿ ಬರೆಯಬೇಕು.

ಹಳೇಸರ್ವರ್

‘##’ ಬಳಸುತ್ತೇವೆ, ಸೊನ್ನೆ ತುಂಬುವುದಿಲ್ಲ. ಪರಿಶೀಲಿಸಿ ಬೇರೆಯೇ ಚರ್ಚೆ ತೆರೆಯುತ್ತೇನೆ, ಇಲ್ಲಿ ಕಣಜ ಅವರ ವಿಷಯ ಮುಂದುವರಿಯಲಿ. ಉಪಕಾರವಾಯಿತು.

ಕಣಜ

ಈಗ ಪರಿಹಾರದ ಬಗ್ಗೆ ಕೇಳುತ್ತೇನೆ. ದರದ ವಿಷಯ ತುರ್ತು, ಇವತ್ತೇ ಸರಿಯಾಗಬೇಕು. ಶಾಶ್ವತ ಪರಿಹಾರಕ್ಕೆ ಮುಂದಿನ ಬಿಡುಗಡೆಯವರೆಗೆ ಸಮಯವಿದೆ. ಟಾಮ್‌ಕ್ಯಾಟಿಗೂ ತನ್ನದೇ ಒಂದು ಕ್ಯಾಶ್ ಇದೆಯೆಂದು ಓದಿದೆ, ಅದನ್ನು ನಿಲ್ಲಿಸಿದರೆ ಸಾಲುವುದಿಲ್ಲವೇ?

ಬೀಗದಕೈ

ಆ ಕ್ಯಾಶನ್ನು ಮುಟ್ಟಬೇಡಿ. ‘ರಿಸೋರ್ಸಸ್’ ಅಂಶದಲ್ಲಿರುವ ಅದರ ಅವಧಿ 5000 ಮಿಲಿಸೆಕೆಂಡು, ಅಂದರೆ 5 ಸೆಕೆಂಡು. ಅಷ್ಟು ಹೊತ್ತು ಕಳೆದ ಮೇಲೆ ಅದು ಡಿಸ್ಕಿನ ಫೈಲನ್ನು ಮತ್ತೆ ನೋಡುತ್ತದೆ. ದಿನಗಟ್ಟಲೆ ಹಳೆಯದಾಗಿ ಉಳಿಯುವ ಪುಟಕ್ಕೆ ಅದು ಕಾರಣವಾಗಲಾರದು, ಆದರೂ ಇಂಥ ಚರ್ಚೆಗಳಲ್ಲಿ ಎಲ್ಲರೂ ಮೊದಲು ದೂರುವುದು ಅದನ್ನೇ.

ತುರ್ತಿಗೆ ಹೀಗೆ ಮಾಡಿ. ಓಡುತ್ತಿರುವ ಕಂಟೈನರಿನ ಒಳಗೆ ಹೋಗಿ ದರಪಟ್ಟಿಯ ಜೇಸನ್ ಮತ್ತು ಸೂಚನಾ ಪುಟದ ಜೆಎಸ್‌ಪಿ ಎರಡಕ್ಕೂ ‘ಟಚ್’ ಆದೇಶ ಕೊಡಿ. ಫೈಲಿನ ಸಮಯ ಇವತ್ತಿನದಾಗುತ್ತದೆ, ಈಟ್ಯಾಗಿನ ಕೊನೆಯ 1000 ಹೋಗಿ ನಿಜವಾದ ಸಂಖ್ಯೆ ಬರುತ್ತದೆ. ನಿಮ್ಮ ಫೋನುಗಳು ಹೇಗೂ ಪ್ರತಿ ಸಲ ಕೇಳುತ್ತಿರುವುದರಿಂದ ಮುಂದಿನ ಭೇಟಿಯಲ್ಲೇ 200 ಮತ್ತು ಹೊಸ ದರ ಸಿಗುತ್ತದೆ. ಜೆಎಸ್‌ಪಿಯ ಸಮಯ ಕ್ಲಾಸಿನ ಸಮಯಕ್ಕಿಂತ ಬೇರೆಯಾಗುವುದರಿಂದ ಜ್ಯಾಸ್ಪರ್ ಅದನ್ನು ಮತ್ತೆ ಕಂಪೈಲ್ ಮಾಡುತ್ತದೆ. ಕಂಟೈನರ್ ಮರುಸೃಷ್ಟಿಯಾದರೆ ಈ ತಿದ್ದುಪಡಿ ಹೋಗುತ್ತದೆ ಎಂಬುದು ನೆನಪಿರಲಿ.

ಶಾಶ್ವತ ಪರಿಹಾರದಲ್ಲಿ ಮೊದಲನೆಯದು ಜಿಬ್‌ನ ‘ಫೈಲ್ಸ್‌ಮಾಡಿಫಿಕೇಶನ್‌ಟೈಮ್’ ಆಯ್ಕೆ. ಅದಕ್ಕೆ ಗಿಟ್ ಕಮಿಟ್‌ನ (ಕೋಡಿನ ಬದಲಾವಣೆ ದಾಖಲಾದ) ಸಮಯವನ್ನು ಕೊಡಿ, ಬಿಲ್ಡ್ ನಡೆದ ಸಮಯವನ್ನಲ್ಲ. ಕಮಿಟ್‌ನ ಸಮಯ ಕೊಟ್ಟರೆ ಅದೇ ಕಮಿಟ್‌ನಿಂದ ನಾಳೆ ಬಿಲ್ಡ್ ಮಾಡಿದರೂ ಸಮಯ ಬದಲಾಗುವುದಿಲ್ಲ, ಹಾಗಾಗಿ ಜಿಬ್ ಕಾಪಾಡಲು ಹೊರಟ ಗುಣವೂ ಉಳಿಯುತ್ತದೆ. ಐಎಸ್‌ಒ 8601 ರೂಪದಲ್ಲಿ ಬರೆದ ಸಮಯವನ್ನು ಅದು ಒಪ್ಪುತ್ತದೆ.

ಎರಡನೆಯದು, ವರ್ಕ್ ಫೋಲ್ಡರಿನ ವಾಲ್ಯೂಮನ್ನು ತೆಗೆದುಬಿಡಿ. ಮೊದಲ ಭೇಟಿಯ ವಿಳಂಬ ನಿಜಕ್ಕೂ ತೊಂದರೆಯೆನಿಸಿದರೆ ಬಿಲ್ಡ್ ಸಮಯದಲ್ಲೇ ಜೆಎಸ್‌ಪಿಗಳನ್ನು ಕಂಪೈಲ್ ಮಾಡಿ ಇಮೇಜಿನೊಳಗೆ ಸೇರಿಸಿ, ಟಾಮ್‌ಕ್ಯಾಟಿನ ಜೆಎಸ್‌ಪಿಸಿ ಇರುವುದೇ ಅದಕ್ಕೆ. ಒಂದು ಬಿಡುಗಡೆಯ ಕಂಪೈಲ್ ಫಲಿತಾಂಶ ಇನ್ನೊಂದು ಬಿಡುಗಡೆಗೆ ದಾಟಿ ಬರುವ ದಾರಿಯನ್ನು ಮಾತ್ರ ತೆರೆದಿಡಬೇಡಿ.

ತುಂಗಾತೀರ

ಸಮಯವನ್ನು ಸರಿಪಡಿಸುವುದು ಅರ್ಧ ಪರಿಹಾರ ಮಾತ್ರ ಎಂದು ನನ್ನ ಅಭಿಪ್ರಾಯ. ದರಪಟ್ಟಿಯಂಥ ಫೈಲಿನ ಗುರುತು ಅದರ ಒಳಗಿನ ಬರಹದಿಂದಲೇ ಹುಟ್ಟಬೇಕು, ಗಡಿಯಾರದಿಂದಲ್ಲ. ಸ್ಪ್ರಿಂಗ್‌ನಲ್ಲಿ ‘ವರ್ಷನ್ ರಿಸೋರ್ಸ್ ರಿಸಾಲ್ವರ್’ ಎಂಬುದಿದೆ. ಅದು ಫೈಲಿನ ಬರಹದ ಎಂಡಿ5 ಹ್ಯಾಶನ್ನು (ಬರಹದಿಂದ ಹುಟ್ಟುವ ಚಿಕ್ಕ ಗುರುತು) ಲೆಕ್ಕ ಹಾಕಿ ವಿಳಾಸದಲ್ಲಿ ಫೈಲಿನ ಹೆಸರಿನೊಂದಿಗೆ ಸೇರಿಸುತ್ತದೆ. ಒಂದು ಅಂಕಿ ಬದಲಾದರೂ ವಿಳಾಸವೇ ಬದಲಾಗುತ್ತದೆ. ಆಗ ಆ ಫೈಲಿಗೆ ಒಂದು ವರ್ಷದ ‘ಮ್ಯಾಕ್ಸ್-ಏಜ್’ ಕೊಟ್ಟರೂ ಅಪಾಯವಿಲ್ಲ, ಹಳ್ಳಿಯ ನಿಧಾನ ಸಂಪರ್ಕದಲ್ಲಿ ಪ್ರತಿ ಸಲ ಸರ್ವರನ್ನು ಕೇಳುವ ಹೊತ್ತೂ ಉಳಿಯುತ್ತದೆ.

ಬೀಗದಕೈ

ತತ್ತ್ವದಲ್ಲಿ ಪೂರ್ತಿ ಒಪ್ಪುತ್ತೇನೆ, ಆದರೆ ಕಣಜ ಅವರ ವ್ಯವಸ್ಥೆಯಲ್ಲಿ ಅದಕ್ಕೆ ಮೂರು ಕಡೆ ಕೈ ಹಾಕಬೇಕು. ಸ್ಟ್ಯಾಟಿಕ್ ಫೋಲ್ಡರನ್ನು ಡೀಫಾಲ್ಟ್ ಸರ್ವ್ಲೆಟ್ಟಿನಿಂದ ಬಿಡಿಸಿ ಸ್ಪ್ರಿಂಗ್‌ನ ರಿಸೋರ್ಸ್ ಹ್ಯಾಂಡ್ಲರಿಗೆ ಒಪ್ಪಿಸಬೇಕು. ‘ರಿಸೋರ್ಸ್ ಯುಆರ್‌ಎಲ್ ಎನ್‌ಕೋಡಿಂಗ್ ಫಿಲ್ಟರ್’ ಸೇರಿಸಿ, ಜೆಎಸ್‌ಪಿಗಳಲ್ಲಿ ವಿಳಾಸಗಳನ್ನು ನೇರವಾಗಿ ಬರೆಯದೆ ‘ಸಿ:ಯುಆರ್‌ಎಲ್’ ಅಥವಾ ‘ಸ್ಪ್ರಿಂಗ್:ಯುಆರ್‌ಎಲ್’ ಟ್ಯಾಗಿನೊಳಗೆ ಬರೆಯಬೇಕು. ಎಲ್ಲರೂ ಮರೆಯುವ ಮೂರನೆಯದು ಇದು: ದರಪಟ್ಟಿಯ ಜೇಸನ್ನನ್ನು ತರುವುದು ಜಾವಾಸ್ಕ್ರಿಪ್ಟ್. ಸ್ಕ್ರಿಪ್ಟಿನೊಳಗೆ ಬರೆದ ವಿಳಾಸವನ್ನು ಈ ಫಿಲ್ಟರ್ ತಿದ್ದುವುದಿಲ್ಲ. ಜೆಎಸ್‌ಪಿಯಲ್ಲಿ ಆ ವಿಳಾಸವನ್ನು ಒಂದು ‘ಡೇಟಾ-’ ಗುಣವಾಗಿ ಬರೆದು, ಸ್ಕ್ರಿಪ್ಟು ಅಲ್ಲಿಂದ ಓದಿಕೊಳ್ಳುವಂತೆ ಬದಲಿಸಬೇಕು. ಇದನ್ನು ಬಿಟ್ಟು ವರ್ಷದ ಅವಧಿ ಕೊಟ್ಟರೆ ಹಳೆಯ ದರ ವರ್ಷವಿಡೀ ಉಳಿಯುತ್ತದೆ, ಈಗಿನ ಸ್ಥಿತಿಗಿಂತ ಅದು ಕೆಟ್ಟದ್ದು.

ಹಾಗಾಗಿ ನನ್ನ ಸಲಹೆ: ಈ ಬಿಡುಗಡೆಗೆ ಕಮಿಟ್ ಸಮಯ ಮತ್ತು ವಾಲ್ಯೂಮ್ ತೆಗೆಯುವುದು. ಹ್ಯಾಶ್ ವಿಳಾಸವನ್ನು ಶಾಂತವಾಗಿ, ಪರೀಕ್ಷೆಗಳೊಂದಿಗೆ, ಅದರ ಮುಂದಿನ ಬಿಡುಗಡೆಗೆ ಮಾಡಿ. ಅಲ್ಲಿಯವರೆಗೆ ‘ನೋ-ಕ್ಯಾಶ್’ ಹಾಗೆಯೇ ಇರಲಿ.

ಕಣಜ

‘ಟಚ್’ ಮಾಡಿದೆ. ಈಟ್ಯಾಗಿನ ಕೊನೆಯಲ್ಲಿ ಈಗ ಹದಿಮೂರು ಅಂಕಿಗಳಿವೆ. ಹಳೆಯ ದರ ತೋರಿಸುತ್ತಿದ್ದ ಅದೇ ಫೋನಿನಲ್ಲಿ ಏನನ್ನೂ ಅಳಿಸದೆ ಪುಟವನ್ನು ಮತ್ತೆ ತೆರೆದಾಗ 200 ಬಂತು, ಹಮಾಲಿ 22 ಎಂದು ಕಾಣಿಸಿತು. ಸೂಚನಾ ಪುಟದಲ್ಲಿ ಸಭೆಯ ಹೊಸ ದಿನಾಂಕ ಬಂದಿದೆ. ‘ಫೈಲ್ಸ್‌ಮಾಡಿಫಿಕೇಶನ್‌ಟೈಮ್’ ಬದಲಾವಣೆಯನ್ನು ಪರೀಕ್ಷಾ ಸರ್ವರಿಗೆ ಹಾಕಿದ್ದೇನೆ. ಇದರೊಂದಿಗೆ ಬಿಲ್ಡ್‌ನಲ್ಲಿ ಒಂದು ಪರೀಕ್ಷೆಯನ್ನೂ ಸೇರಿಸುತ್ತಿದ್ದೇನೆ: ಹಿಂದಿನ ಇಮೇಜಿನ ಈಟ್ಯಾಗನ್ನು ಹೊಸ ಇಮೇಜಿಗೆ ಕಳುಹಿಸಿ, ಫೈಲಿನ ಬರಹ ಬದಲಾಗಿದ್ದೂ 304 ಬಂದರೆ ಬಿಲ್ಡ್ ನಿಲ್ಲುತ್ತದೆ.

ಕೊನೆಯದಾಗಿ ಒಂದು ಪ್ರಶ್ನೆ. ಮುಂದೆ ಎಂಜಿನ್‌ಎಕ್ಸ್‌ನಲ್ಲೂ ‘ಪ್ರಾಕ್ಸಿ_ಕ್ಯಾಶ್’ ಹಾಕುವ ಯೋಚನೆಯಿದೆ. ನಮ್ಮ ಮುಖಪುಟ ಬ್ರೌಸರಿನ ಭಾಷೆಯನ್ನು ನೋಡಿ ಕನ್ನಡ ಅಥವಾ ಇಂಗ್ಲಿಷಿನಲ್ಲಿ ಬರುತ್ತದೆ, ವಿಳಾಸ ಎರಡಕ್ಕೂ ಒಂದೇ. ಇದರಿಂದ ತೊಂದರೆಯಾದೀತೇ?

ತುಂಗಾತೀರ

ಖಂಡಿತ ಆಗುತ್ತದೆ. ಎಂಜಿನ್‌ಎಕ್ಸ್ ತಾನಾಗಿ ಬಳಸುವ ಕ್ಯಾಶ್ ಕೀಲಿಯಲ್ಲಿ ಭಾಷೆ ಇರುವುದಿಲ್ಲ, ವಿಳಾಸವಷ್ಟೇ ಇರುತ್ತದೆ. ಮೊದಲು ಬಂದವರು ಇಂಗ್ಲಿಷ್ ಫೋನಿನವರಾದರೆ, ಅವಧಿ ಮುಗಿಯುವವರೆಗೆ ಕನ್ನಡದವರಿಗೂ ಇಂಗ್ಲಿಷ್ ಪುಟವೇ ಹೋಗುತ್ತದೆ. ಅಪ್ಲಿಕೇಶನ್ ‘ವೇರಿ: ಅಕ್ಸೆಪ್ಟ್-ಲ್ಯಾಂಗ್ವೇಜ್’ ಎಂದು ಹೇಳಿದರೆ ಎಂಜಿನ್‌ಎಕ್ಸ್ 1.7.7ರಿಂದ ಈಚೆಗೆ ಅದನ್ನು ಪಾಲಿಸುತ್ತದೆ, ಆದರೆ ಫೋನುಗಳು ಆ ಹೆಡರನ್ನು ನಾನಾ ರೀತಿಯಲ್ಲಿ ಬರೆಯುವುದರಿಂದ ಒಂದೊಂದು ಬರವಣಿಗೆಗೂ ಬೇರೆ ಪ್ರತಿ ಕೂಡಿಟ್ಟು ಕ್ಯಾಶಿನ ಪ್ರಯೋಜನವೇ ಕುಗ್ಗುತ್ತದೆ. ಕನ್ನಡಕ್ಕೂ ಇಂಗ್ಲಿಷಿಗೂ ಬೇರೆ ಬೇರೆ ವಿಳಾಸ ಕೊಟ್ಟು, ಮೂಲ ವಿಳಾಸಕ್ಕೆ ಬಂದವರನ್ನು ಕ್ಯಾಶ್ ಮಾಡದ ಒಂದು ರೀಡೈರೆಕ್ಟ್ ಮೂಲಕ ಅಲ್ಲಿಗೆ ಕಳುಹಿಸಿ. ‘ಪ್ರಾಕ್ಸಿ_ಕ್ಯಾಶ್’ ಹಾಕುವ ದಿನವೇ ಅದರ ಸ್ಥಿತಿಯನ್ನು, ಹಿಟ್ ಆಯಿತೋ ಮಿಸ್ ಆಯಿತೋ ಎಂಬುದನ್ನು, ಉತ್ತರದ ಹೆಡರಿನಲ್ಲಿ ಕಾಣಿಸುವಂತೆ ಮಾಡಿ. ‘ಅಪ್‌ಸ್ಟ್ರೀಮ್_ಕ್ಯಾಶ್_ಸ್ಟೇಟಸ್’ ಎಂಬ ಚರ ಅದಕ್ಕಾಗಿಯೇ ಇದೆ.

ಕಣಜ

ಎರಡು ವಿಳಾಸಗಳ ವಿಧಾನವನ್ನೇ ಮಾಡುತ್ತೇವೆ, ಅದಾಗುವವರೆಗೆ ‘ಪ್ರಾಕ್ಸಿ_ಕ್ಯಾಶ್’ ಹಾಕುವುದಿಲ್ಲ. ಬೀಗದಕೈ ಮತ್ತು ತುಂಗಾತೀರ ಅವರಿಬ್ಬರಿಗೂ ಸಂಘದ ಕೌಂಟರಿನವರ ಪರವಾಗಿಯೂ ಕೃತಜ್ಞತೆಗಳು. ಈ ಪ್ರಶ್ನೆಯನ್ನು ಪರಿಹಾರವಾಗಿದೆ ಎಂದು ಗುರುತಿಸುತ್ತಿದ್ದೇನೆ.